ಓದುಗರ ಪ್ರಶ್ನೆಗಳಿಗೆ ಉತ್ತರ: ಪೈರಿನ ಸಕ್ಕರೆ ಬೇರ್ಪಡಿಸುವುದು, ಅಳೆಯುವುದು

ಬೆಳೆಗಳಲ್ಲಿನ ಸಕ್ಕರೆ ಪರೀಕ್ಷೆಯ ಬಗ್ಗೆ ಬಂದ ಪ್ರಶ್ನೆಗಳನ್ನೆಲ್ಲ ಈ ಸಲ ಒಟ್ಟಿಗೆ ತೆಗೆದುಕೊಂಡಿದ್ದೇವೆ. ಯಾವ ಉಪಕರಣ ಒಳ್ಳೆಯದು ಎಂದು ಕೇಳಿದವರೇ ಹೆಚ್ಚು. ಆದರೆ ಅವರು ಬರೆದ ವಿವರ ಓದಿದರೆ, ಎಡವಟ್ಟು ಬಹುಪಾಲು ಉಪಕರಣದ ಹತ್ತಿರ ಹೋಗುವ ಮುಂಚೆಯೇ ಆಗಿರುವುದು ಕಾಣುತ್ತದೆ.

ಪ್ರಶ್ನೆ: ರಾಗಿ ಎಲೆಗಳನ್ನು ಹೊಲದಲ್ಲಿ ಕಿತ್ತು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಲ್ಯಾಬಿಗೆ ತರುತ್ತೇನೆ. ತರುವಷ್ಟರಲ್ಲಿ ಎರಡು ಗಂಟೆ ಆಗುತ್ತದೆ. ಸುಕ್ರೋಸ್ ತೀರಾ ಕಡಿಮೆ, ಗ್ಲೂಕೋಸ್ ಮತ್ತು ಫ್ರಕ್ಟೋಸ್ ಜಾಸ್ತಿ ಬರುತ್ತಿವೆ. ಒಂದೇ ಗಿಡದ ಎರಡು ಮಾದರಿಗಳೂ ಒಂದಕ್ಕೊಂದು ಹೊಂದುವುದಿಲ್ಲ. ತಪ್ಪೆಲ್ಲಿ?
— ಎಂ.ಎಸ್ಸಿ. ವಿದ್ಯಾರ್ಥಿನಿ, ಯಲಹಂಕ

ಉತ್ತರ: ತಪ್ಪು ಆ ಕವರಿನಲ್ಲಿದೆ. ಕಿತ್ತ ಎಲೆ ಇನ್ನೂ ಜೀವಂತ. ಅದರೊಳಗಿನ ಇನ್ವರ್ಟೇಸ್ ಎಂಬ ಕಿಣ್ವ ಸುಕ್ರೋಸನ್ನು ಒಡೆದು ಗ್ಲೂಕೋಸ್ ಮತ್ತು ಫ್ರಕ್ಟೋಸ್ ಮಾಡುತ್ತಲೇ ಇರುತ್ತದೆ. ಜೊತೆಗೆ ಉಸಿರಾಟದಲ್ಲಿ ಒಂದಷ್ಟು ಸಕ್ಕರೆ ಉರಿದೇ ಹೋಗುತ್ತದೆ. ಮುಚ್ಚಿದ ಕವರಿನಲ್ಲಿ ಎಲೆ ಬೆಚ್ಚಗಾದಷ್ಟೂ ಎರಡೂ ಜೋರಾಗುತ್ತವೆ. ನೀವು ಅಳೆಯುತ್ತಿರುವುದು ಹೊಲದಲ್ಲಿದ್ದ ಎಲೆಯನ್ನಲ್ಲ, ಎರಡು ಗಂಟೆ ಕವರಿನಲ್ಲಿ ಬೆಂದ ಎಲೆಯನ್ನು.

ದ್ರವ ಸಾರಜನಕ ಒಯ್ಯಲು ಅನುಕೂಲವಿದ್ದರೆ ಕಿತ್ತ ಕೂಡಲೇ ಅದರಲ್ಲಿ ಅದ್ದಿ, ಮೈನಸ್ 80 ಡಿಗ್ರಿಯಲ್ಲಿಡಿ. ಇಲ್ಲದಿದ್ದರೆ ಹಳೆಯ ದಾರಿಯೇ ಸಾಕು. ಎಲೆಯನ್ನು ಚಿಕ್ಕದಾಗಿ ಕತ್ತರಿಸಿ, ತೂಕ ಮಾಡಿ, ಕುದಿಯುತ್ತಿರುವ ಆಲ್ಕೋಹಾಲಿಗೆ, ಅಂದರೆ ಎಥನಾಲಿಗೆ, ಹಾಕುವುದು. ಒಂದು ಲೆಕ್ಕ ಮಾತ್ರ ಗಮನದಲ್ಲಿರಲಿ. ಹಸಿ ಎಲೆಯ ತೂಕದಲ್ಲಿ ಶೇ. 80ರಷ್ಟು ನೀರೇ ಎಂದುಕೊಳ್ಳಿ. 0.5 ಗ್ರಾಂ ಎಲೆಯನ್ನು ಶೇ. 80ರ 5 ಮಿ.ಲೀ. ಎಥನಾಲಿಗೆ ಹಾಕಿದರೆ ಎಥನಾಲ್ ಶೇ. 74ಕ್ಕೆ ಇಳಿಯುತ್ತದೆ, ಪರವಾಗಿಲ್ಲ. ಅಷ್ಟಕ್ಕೇ 2 ಗ್ರಾಂ ಹಾಕಿದರೆ ಶೇ. 60ರ ಹತ್ತಿರ ಬರುತ್ತದೆ. ಆಗ ಸಕ್ಕರೆಯ ಜೊತೆಗೆ ಬೇಡದ್ದೂ ಕರಗಿ ಬರುತ್ತದೆ. ಎಲೆ ಹೆಚ್ಚಿದ್ದರೆ ಶೇ. 95ರ ಎಥನಾಲಿನಿಂದ ಶುರು ಮಾಡಿ. ಬಿಸಿ ಮಾಡುವುದು ವಾಟರ್ ಬಾತ್‌ನಲ್ಲಿ ಮಾತ್ರ, ಬರ್ನರ್ ಮೇಲೆ ಬೇಡ.

ಒಣಗಿಸಿ ಮಾಡುವವರು ಎಲೆಯನ್ನು ಮೊದಲು 105 ಡಿಗ್ರಿಯಲ್ಲಿ ಅರ್ಧ ಗಂಟೆ ಇಟ್ಟು ಕಿಣ್ವ ಸಾಯಿಸಬೇಕು. ಆಮೇಲೆ 65–70 ಡಿಗ್ರಿಯಲ್ಲಿ ತೂಕ ನಿಲ್ಲುವವರೆಗೆ ಒಣಗಿಸಬೇಕು. ಹರಡುವಾಗ ಒಂದೇ ಪದರ ಇರಲಿ. ಗುಡ್ಡೆ ಹಾಕಿದರೆ ನಡುವಿನ ಎಲೆ ಗಂಟೆಗಟ್ಟಲೆ ಹಸಿಯಾಗಿಯೇ ಉಳಿದು, ಕವರಿನಲ್ಲಿ ಆದದ್ದೇ ಓವನ್ನಿನಲ್ಲೂ ಆಗುತ್ತದೆ. ಫ್ರೀಜ್ ಡ್ರೈಯರ್ ಇದ್ದವರಿಗೆ ಒಂದು ಎಚ್ಚರಿಕೆ. ಅಲ್ಲಿ ಕಿಣ್ವ ಸಾಯುವುದಿಲ್ಲ, ಮಲಗಿರುತ್ತದೆ. ಆ ಪುಡಿಗೆ ತಣ್ಣೀರು ಹಾಕಿದ ಕ್ಷಣ ಎದ್ದು ಕೆಲಸಕ್ಕಿಳಿಯುತ್ತದೆ. ಮೊದಲು ಬೀಳಬೇಕಾದದ್ದು ಬಿಸಿ ಎಥನಾಲ್.

ಮುಂದಿನ ಕ್ರಮ: 100 ಮಿ.ಗ್ರಾಂ ಒಣ ಪುಡಿಗೆ ಶೇ. 80ರ 5 ಮಿ.ಲೀ. ಎಥನಾಲ್ ಹಾಕಿ 80 ಡಿಗ್ರಿಯಲ್ಲಿ 20–30 ನಿಮಿಷ ಇಡಿ. ಮುಚ್ಚಳ ಸಡಿಲವಾಗಿರಲಿ. ಸೆಂಟ್ರಿಫ್ಯೂಜ್ ಮಾಡಿ ಮೇಲಿನ ತಿಳಿಯನ್ನು ತೆಗೆದಿಡಿ. ಹೀಗೆ ಮೂರು ಸಲ. ಮೂರು ಸಾಕೇ ಎಂಬುದನ್ನು ಪುಸ್ತಕ ಹೇಳಲಾರದು, ನಾಲ್ಕನೆಯ ತಿಳಿಯ ಎಥನಾಲನ್ನು ಆವಿ ಮಾಡಿ, ನೀರಿನಲ್ಲಿ ಕರಗಿಸಿ, ಸಕ್ಕರೆ ಇದ್ದರೆ ಹಸಿರು ಬಣ್ಣ ಕೊಡುವ ಆಂಥ್ರೋನ್ ದ್ರಾವಣ ಹಾಕಿ ನೋಡಿ. ಬಣ್ಣ ಬಂದರೆ ಇನ್ನೊಂದು ಸಲ ತೆಗೆಯಬೇಕು. ಎಲ್ಲ ಕೂಡಿಸಿ ಎಥನಾಲನ್ನು ಆವಿ ಮಾಡಿ, ಉಳಿದದ್ದನ್ನು ನೀರಿನಲ್ಲಿ ಕರಗಿಸಿ, ಕ್ಲೋರೋಫಾರಂ ಹಾಕಿ ಅಲುಗಿಸಿ. ಎಲೆಯ ಹಸಿರು ಕೆಳಗಿನ ಕ್ಲೋರೋಫಾರಂಗೆ ಇಳಿಯುತ್ತದೆ, ಸಕ್ಕರೆ ಮೇಲಿನ ನೀರಿನಲ್ಲೇ ಉಳಿಯುತ್ತದೆ. ಬಣ್ಣ ತೆಗೆಯಲು ಇದ್ದಿಲ ಪುಡಿ ಹಾಕುವ ಅಭ್ಯಾಸ ಕೆಲವು ಕಡೆ ಇದೆ. ಅದು ಸಕ್ಕರೆಯನ್ನೂ ಹೀರುತ್ತದೆ, ಅದರಲ್ಲೂ ಗ್ಲೂಕೋಸಿಗಿಂತ ಸುಕ್ರೋಸನ್ನು ಹೆಚ್ಚು. ಬಿಟ್ಟುಬಿಡಿ. ಹುಳಿ ಜಾಸ್ತಿಯಿರುವ ಎಲೆ ಅಥವಾ ಹಣ್ಣಾದರೆ ಎಥನಾಲಿಗೆ ಚಿಟಿಕೆ ಕ್ಯಾಲ್ಸಿಯಂ ಕಾರ್ಬೋನೇಟ್ ಸೇರಿಸಿ. ಇಲ್ಲದಿದ್ದರೆ ಕಿಣ್ವ ಸತ್ತರೂ ಬಿಸಿಯಲ್ಲಿ ಆಮ್ಲವೇ ಸುಕ್ರೋಸನ್ನು ಒಡೆಯುತ್ತದೆ.

ನಿಮ್ಮ ವಿಧಾನ ಸರಿಯಿದೆಯೇ ಎಂದು ತಿಳಿಯಲು ಒಂದು ಪರೀಕ್ಷೆ ಇದೆ. ಒಂದು ಮಾದರಿಗೆ ಎಥನಾಲ್ ಹಾಕುವ ಮೊದಲೇ ತೂಕ ಮಾಡಿದ ಸುಕ್ರೋಸ್ ಸೇರಿಸಿ. ಸೇರಿಸಿದ್ದರಲ್ಲಿ ಶೇ. 95–105 ಸುಕ್ರೋಸಾಗಿಯೇ ವಾಪಸು ಬಂದರೆ ಸರಿ. ಅದು ಗ್ಲೂಕೋಸ್, ಫ್ರಕ್ಟೋಸ್ ಆಗಿ ಬಂದರೆ ಕಿಣ್ವ ಇನ್ನೂ ಬದುಕಿದೆ. ಎಲ್ಲಿಯೂ ಬರದಿದ್ದರೆ ಎಲ್ಲೋ ಸೋರಿದೆ.

ಎರಡು ಮಾದರಿ ಹೊಂದದಿರುವುದಕ್ಕೆ ಕಿತ್ತ ಹೊತ್ತೂ ಕಾರಣವಿರಬಹುದು. ಬೆಳಗಿನಿಂದ ಸಂಜೆಯವರೆಗೆ ಎಲೆಯಲ್ಲಿ ಸುಕ್ರೋಸೂ ಪಿಷ್ಟವೂ ಏರುತ್ತಾ ಹೋಗುತ್ತವೆ. ಬೆಳಿಗ್ಗೆ ಎಂಟಕ್ಕೆ ಕಿತ್ತದ್ದನ್ನು ಮಧ್ಯಾಹ್ನ ಎರಡಕ್ಕೆ ಕಿತ್ತದ್ದರ ಪಕ್ಕ ಇಟ್ಟು ತಳಿಗಳನ್ನು ಹೋಲಿಸುವಂತಿಲ್ಲ.

ಪ್ರಶ್ನೆ: ಒಂದೇ ಸಾರದಲ್ಲಿ ಡಿಎನ್‌ಎಸ್ ವಿಧಾನದಿಂದ ಶೇ. 2, ಆಂಥ್ರೋನ್ ವಿಧಾನದಿಂದ ಶೇ. 6 ಬಂದಿದೆ. ಯಾವುದನ್ನು ಬರೆಯಲಿ?
— ಸಂಶೋಧನಾ ಸಹಾಯಕ, ಹೆಬ್ಬಾಳ

ಉತ್ತರ: ಎರಡನ್ನೂ ಬರೆಯಿರಿ, ಆದರೆ ಬೇರೆ ಬೇರೆ ಹೆಸರಿನಲ್ಲಿ. ಡಿಎನ್‌ಎಸ್ ಹಿಡಿಯುವುದು ಅಪಕರ್ಷಕ ಸಕ್ಕರೆಗಳನ್ನು, ಅಂದರೆ ಗ್ಲೂಕೋಸ್, ಫ್ರಕ್ಟೋಸ್, ಮಾಲ್ಟೋಸ್ ಇಂಥವನ್ನು. ಸುಕ್ರೋಸ್ ಅದಕ್ಕೆ ಕಾಣುವುದೇ ಇಲ್ಲ. ಆಂಥ್ರೋನ್‌ನಲ್ಲಿರುವ ಗಾಢ ಸಲ್ಫ್ಯೂರಿಕ್ ಆಮ್ಲ ಸುಕ್ರೋಸನ್ನೂ ಅದಕ್ಕಿಂತ ದೊಡ್ಡ ಅಣುಗಳನ್ನೂ ಒಡೆದು ಎಲ್ಲವನ್ನೂ ಲೆಕ್ಕಕ್ಕೆ ತರುತ್ತದೆ. ಹಾಗೆಂದು 6ರಲ್ಲಿ 2 ಕಳೆದು "ಸುಕ್ರೋಸ್ ಶೇ. 4" ಎಂದು ಬರೆಯಬೇಡಿ. ಆ ವ್ಯತ್ಯಾಸದಲ್ಲಿ ರಾಫಿನೋಸ್ ಎಂಬ ಇನ್ನೊಂದು ಸಕ್ಕರೆ ಇರಬಹುದು, ಈರುಳ್ಳಿ ಬೆಳ್ಳುಳ್ಳಿಯಾದರೆ ಫ್ರಕ್ಟೋಸಿನ ಸರಪಳಿಯಾದ ಫ್ರಕ್ಟಾನ್ ಇರಬಹುದು. ಎರಡು ವಿಧಾನಗಳಲ್ಲಿ ಒಂದೊಂದು ಸಕ್ಕರೆ ಕೊಡುವ ಬಣ್ಣವೂ ಒಂದೇ ಪ್ರಮಾಣದಲ್ಲಿರುವುದಿಲ್ಲ.

ಸುಕ್ರೋಸ್ ಬೇಕಿದ್ದರೆ ಸಾರದ ಒಂದು ಭಾಗವನ್ನು ಇನ್ವರ್ಟೇಸ್‌ನಿಂದ, ಪಿಎಚ್ 4.6ರ ಹತ್ತಿರ, 55 ಡಿಗ್ರಿಯಲ್ಲಿ ಅರ್ಧ ಗಂಟೆ ಒಡೆಯಿರಿ. ಒಡೆದ ಮೇಲಿನ ಡಿಎನ್‌ಎಸ್ ಅಂಕಿಯಿಂದ ಒಡೆಯುವ ಮುಂಚಿನದನ್ನು ಕಳೆದು 0.95ರಿಂದ ಗುಣಿಸಿ. 342 ತೂಕದ ಸುಕ್ರೋಸ್ ನೀರನ್ನು ಸೇರಿಸಿಕೊಂಡು 360 ಆಗುವುದರಿಂದ ಈ ಗುಣಾಂಕ. ಹೈಡ್ರೋಕ್ಲೋರಿಕ್ ಆಮ್ಲದಿಂದಲೂ ಒಡೆಯಬಹುದು. ಆದರೆ ಆಮೇಲೆ ಸೋಡಿಯಂ ಹೈಡ್ರಾಕ್ಸೈಡಿನಿಂದ ತಟಸ್ಥ ಮಾಡಲೇಬೇಕು. ಉಳಿದ ಆಮ್ಲ ಡಿಎನ್‌ಎಸ್ ದ್ರಾವಣದ ಕ್ಷಾರವನ್ನು ನುಂಗಿ ಬಣ್ಣವನ್ನು ಇಳಿಸುತ್ತದೆ. ಹೆಚ್ಚು ಹೊತ್ತು ಕುದಿಸಿದರೆ ಫ್ರಕ್ಟೋಸ್ ಕೆಡುತ್ತದೆ.

ಡಿಎನ್‌ಎಸ್ ದ್ರಾವಣ ನೂರು ಮಿ.ಲೀ.ಗೆ: ಡೈನೈಟ್ರೋಸ್ಯಾಲಿಸಿಲಿಕ್ ಆಮ್ಲ 1 ಗ್ರಾಂ, 2 ನಾರ್ಮಲ್ ಸೋಡಿಯಂ ಹೈಡ್ರಾಕ್ಸೈಡ್ 20 ಮಿ.ಲೀ., ರೋಶೆಲ್ ಉಪ್ಪು 30 ಗ್ರಾಂ, ಉಳಿದದ್ದು ನೀರು. ಕಂದು ಬಾಟಲಿಯಲ್ಲಿಡಿ. ಸಾರ ಮತ್ತು ದ್ರಾವಣ ಸಮ ಅಳತೆಯಲ್ಲಿ ಸೇರಿಸಿ, 5 ನಿಮಿಷ ಕುದಿಯುವ ನೀರಿನಲ್ಲಿಟ್ಟು, ತಣಿಸಿ, 540 ನ್ಯಾನೋಮೀಟರಿನಲ್ಲಿ ಓದಿ. ತೀರಾ ತೆಳುವಾದ ಸಾರಕ್ಕೆ ಇದರಲ್ಲಿ ಬಣ್ಣವೇ ಏಳುವುದಿಲ್ಲ, ಸ್ಟ್ಯಾಂಡರ್ಡ್ ರೇಖೆ (ಗೊತ್ತಿರುವ ಅಳತೆಯ ಸಕ್ಕರೆಗಳನ್ನು ಓದಿ ಎಳೆದ ಗೆರೆ) ಸೊನ್ನೆಯಿಂದ ಹೊರಡುವುದಿಲ್ಲ. ರೇಖೆಯನ್ನು ಬಲವಂತವಾಗಿ ಸೊನ್ನೆಗೆ ಎಳೆಯುವ ಬದಲು ಬ್ಲಾಂಕಿಗೂ (ಮಾದರಿ ಹಾಕದ ನಳಿಕೆ) ಮಾದರಿಗೂ ಗೊತ್ತಿರುವಷ್ಟು ಗ್ಲೂಕೋಸ್ ಸೇರಿಸಿ ಓದುವುದು ಮೇಲು. ಫೀನಾಲ್‌ಗಳೂ ಆಸ್ಕಾರ್ಬಿಕ್ ಆಮ್ಲವೂ ಇದರಲ್ಲಿ ಸಕ್ಕರೆಯ ವೇಷ ಹಾಕುತ್ತವೆ ಎಂಬುದು ನೆನಪಿರಲಿ.

ಆಂಥ್ರೋನ್ ಬಗ್ಗೆ ಹೆಚ್ಚು ಹೇಳಬೇಕು, ಏಕೆಂದರೆ ಕೆಡುವುದು ಅದೇ ಹೆಚ್ಚು. 200 ಮಿ.ಗ್ರಾಂ ಆಂಥ್ರೋನನ್ನು ಐಸಿನಲ್ಲಿ ತಣಿಸಿದ ಶೇ. 95ರ 100 ಮಿ.ಲೀ. ಸಲ್ಫ್ಯೂರಿಕ್ ಆಮ್ಲದಲ್ಲಿ ಕರಗಿಸಿ. ಅಂದಂದಿಗೆ ಬೇಕಾದಷ್ಟನ್ನು ಅಂದೇ ಮಾಡಿ, ನಿನ್ನೆಯದು ಇಂದಿಗೆ ಬೇಡ. ಒಂದು ಮಿ.ಲೀ. ಸಾರಕ್ಕೆ, ನಳಿಕೆಯನ್ನು ಐಸಿನಲ್ಲಿಟ್ಟು, ನಾಲ್ಕು ಮಿ.ಲೀ. ಆಂಥ್ರೋನ್ ಸೇರಿಸಿ, ಚೆನ್ನಾಗಿ ಕಲಸಿ, 8 ನಿಮಿಷ ಕುದಿಯುವ ನೀರಿನಲ್ಲಿಟ್ಟು, ಬೇಗ ತಣಿಸಿ, 630ರಲ್ಲಿ ಓದಿ. ಸ್ಟ್ಯಾಂಡರ್ಡ್ ಗ್ಲೂಕೋಸ್ 20ರಿಂದ 100 ಮೈಕ್ರೋಗ್ರಾಂ. 100 ಮಿ.ಗ್ರಾಂ ಪುಡಿಯ ಸಾರವನ್ನು 50 ಮಿ.ಲೀ.ಗೆ ತಂದು, 0.5 ಮಿ.ಲೀ. ತೆಗೆದು ನೀರು ಸೇರಿಸಿ 1 ಮಿ.ಲೀ. ಮಾಡಿ ಓದಿದಾಗ 60 ಮೈಕ್ರೋಗ್ರಾಂ ಬಂದರೆ, ಒಟ್ಟು 6 ಮಿ.ಗ್ರಾಂ, ಅಂದರೆ ಶೇ. 6.

ಈ ಪರೀಕ್ಷೆಯನ್ನು ಹಾಳು ಮಾಡುವುದು ಹೆಚ್ಚಾಗಿ ಟಿಶ್ಯೂ ಪೇಪರ್ ಮತ್ತು ಹತ್ತಿ. ಎರಡೂ ಸೆಲ್ಯುಲೋಸ್. ನಳಿಕೆಯ ಒಳಗೆ ಒಂದು ಎಳೆ ಸಿಕ್ಕಿಕೊಂಡರೆ ಆಮ್ಲ ಅದನ್ನೂ ಸಕ್ಕರೆ ಮಾಡಿ ಹಸಿರು ಬಣ್ಣ ಕೊಡುತ್ತದೆ. ಮೂರು ನಳಿಕೆಯಲ್ಲಿ ಒಂದು ಮಾತ್ರ ಕಾರಣವಿಲ್ಲದೆ ಏರಿದ್ದರೆ ಮೊದಲ ಅನುಮಾನ ಇದರ ಮೇಲಿರಲಿ. ನಳಿಕೆಗಳನ್ನು ತೊಳೆದು, ಒರೆಸದೆ, ಓವನ್ನಿನಲ್ಲಿ ಕವುಚಿಟ್ಟು ಒಣಗಿಸಿ. ಸಾರದಲ್ಲಿ ಎಥನಾಲ್ ಉಳಿದಿದ್ದರೂ ಆಮ್ಲ ಬಿದ್ದಾಗ ಸಿಡಿಯುತ್ತದೆ, ಕಲಸಿದ್ದೂ ಸರಿಹೋಗುವುದಿಲ್ಲ.

ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರಿಗೂ ಎತ್ತರದಲ್ಲಿರುವುದರಿಂದ ಇಲ್ಲಿ ನೀರು ಸುಮಾರು 97 ಡಿಗ್ರಿಗೇ ಕುದಿಯುತ್ತದೆ. ಸ್ಟ್ಯಾಂಡರ್ಡನ್ನೂ ಅದೇ ಬಾತ್‌ನಲ್ಲಿ, ಅದೇ ಹೊತ್ತಿಗೆ ಇಟ್ಟರೆ ತೊಂದರೆಯಿಲ್ಲ. ಬೇರೆ ಊರಿನಲ್ಲಿ ಮಾಡಿದ ರೇಖೆಯನ್ನೋ ಕಳೆದ ತಿಂಗಳ ರೇಖೆಯನ್ನೋ ಇಟ್ಟುಕೊಂಡು ಲೆಕ್ಕ ಹಾಕಿದರೆ ತೊಂದರೆ. ನಲವತ್ತು ತಣ್ಣನೆ ನಳಿಕೆಗಳನ್ನು ಒಟ್ಟಿಗೆ ಇಳಿಸಿದರೆ ಬಾತ್ ಕುದಿಯುವುದನ್ನೇ ನಿಲ್ಲಿಸುತ್ತದೆ. ಎಂಟು ನಿಮಿಷದ ಲೆಕ್ಕ ಮತ್ತೆ ಕುದಿ ಬಂದ ಮೇಲೆ.

ಪ್ರಶ್ನೆ: ದ್ರಾಕ್ಷಿಗೆ ನನ್ನ ರಿಫ್ರ್ಯಾಕ್ಟೋಮೀಟರ್ 18 ತೋರಿಸಿತು. ಲ್ಯಾಬಿನವರು ಸಕ್ಕರೆ 16 ಎಂದು ಬರೆದುಕೊಟ್ಟಿದ್ದಾರೆ. ಯಾರನ್ನು ನಂಬುವುದು?
— ಬೆಂಗಳೂರು ನೀಲಿ ದ್ರಾಕ್ಷಿ ಬೆಳೆಗಾರ, ದೊಡ್ಡಬಳ್ಳಾಪುರ ತಾಲ್ಲೂಕು

ಉತ್ತರ: ಇಬ್ಬರನ್ನೂ ನಂಬಬಹುದು. ನಿಮ್ಮ ಉಪಕರಣ ತೋರಿಸುವ ಬ್ರಿಕ್ಸ್, ರಸದಲ್ಲಿ ಕರಗಿರುವ ಎಲ್ಲದರ ಅಳತೆ. ಸಕ್ಕರೆಯ ಜೊತೆಗೆ ಹುಳಿ, ಖನಿಜ ಎಲ್ಲ ಅದರಲ್ಲಿ ಸೇರುತ್ತವೆ. ನೀಲಿ ದ್ರಾಕ್ಷಿ ಹುಳಿ ಜಾತಿ, ಆದ್ದರಿಂದ ವ್ಯತ್ಯಾಸ ಎದ್ದು ಕಾಣುತ್ತದೆ. ಲ್ಯಾಬಿನ ಅಂಕಿ ನೂರು ಗ್ರಾಂ ರಸಕ್ಕೋ, ನೂರು ಮಿ.ಲೀ.ಗೋ ಎಂದೂ ಕೇಳಿ. ಬ್ರಿಕ್ಸ್ ನೂರು ಗ್ರಾಂ ರಸದ ಲೆಕ್ಕ. ಸೊನ್ನೆ ಹೊಂದಿಸಲು ಬ್ಯಾಟರಿ ಅಂಗಡಿಯ ಡಿಸ್ಟಿಲ್ಡ್ ವಾಟರ್ ಬಳಸಿ, ಬೋರ್‌ವೆಲ್ ನೀರು ಬೇಡ. ಮಧ್ಯಾಹ್ನದ ಬಿಸಿ ಹಣ್ಣಿನ ರಸವನ್ನು ಗಾಜಿನ ಮೇಲೆ ಹಾಕಿ ಅರ್ಧ ನಿಮಿಷ ತಣಿಯಲು ಬಿಡಿ. ಗೊಂಚಲಿನ ಭುಜದ ಹಣ್ಣು ತುದಿಯ ಹಣ್ಣಿಗಿಂತ ಸಿಹಿ. ಅದನ್ನಷ್ಟೇ ಹಿಂಡಿದರೆ ತೋಟವೆಲ್ಲ ಮಾಗಿದಂತೆ ಕಾಣುತ್ತದೆ. ಹಲವು ಗೊಂಚಲಿನ ಮೇಲು, ನಡು, ತುದಿಯ ಹಣ್ಣುಗಳನ್ನು ಕೂಡಿಸಿ ಹಿಂಡಿ.

ಪ್ರಶ್ನೆ: ನಾವು ಅಮಿನೋ ಕಾಲಂ, ಆರ್‌ಐ ಡಿಟೆಕ್ಟರ್ ಇರುವ ಎಚ್‌ಪಿಎಲ್‌ಸಿ ಬಳಸುತ್ತೇವೆ. ಹೊಸತಿದ್ದಾಗ ಫ್ರಕ್ಟೋಸ್, ಗ್ಲೂಕೋಸ್ ಚೆನ್ನಾಗಿ ಬೇರೆಯಾಗುತ್ತಿದ್ದವು. ಈಗ ಪೀಕುಗಳು ಬೇಗ ಬೇಗ ಬಂದು ಅಂಟಿಕೊಳ್ಳುತ್ತಿವೆ, ಗ್ಲೂಕೋಸ್ ಪೀಕ್ ಕುಗ್ಗುತ್ತಿದೆ, ಬೇಸ್‌ಲೈನ್ ದಿನವಿಡೀ ಅಲೆಯುತ್ತದೆ.
— ಆಹಾರ ಪರೀಕ್ಷಾ ಪ್ರಯೋಗಾಲಯದ ವಿಶ್ಲೇಷಕರು, ಪೀಣ್ಯ

ಉತ್ತರ: ಹೊಸಬರಿಗೆ ಒಂದು ಮಾತು: ಎಚ್‌ಪಿಎಲ್‌ಸಿ ಎಂದರೆ ದ್ರಾವಣವನ್ನು ಕಾಲಂ ಎಂಬ ಕೊಳವೆಯ ಮೂಲಕ ಒತ್ತಡದಲ್ಲಿ ಹಾಯಿಸಿ ಸಕ್ಕರೆಗಳನ್ನು ಬೇರ್ಪಡಿಸುವ ಯಂತ್ರ. ಹಾಯಿಸುವ ದ್ರಾವಕ ಮೊಬೈಲ್ ಫೇಸ್, ಒಂದೊಂದು ಸಕ್ಕರೆ ಹೊರಬಂದಾಗ ಏಳುವ ಗುಡ್ಡ ಪೀಕ್, ಗುಡ್ಡಗಳ ನಡುವಿನ ಗೆರೆ ಬೇಸ್‌ಲೈನ್. ನಿಮ್ಮದು ಮೂರು ಬೇರೆ ಬೇರೆ ಕಾಯಿಲೆಗಳು.

ಪೀಕುಗಳು ಬೇಗ ಬರುತ್ತಿವೆಯೆಂದರೆ ಮೊದಲು ಬಾಟಲಿ ನೋಡಿ. ಅಸಿಟೋನೈಟ್ರೈಲ್ 75, ನೀರು 25ರ ಮಿಶ್ರಣವನ್ನು ತೆರೆದಿಟ್ಟರೆ, ಅಥವಾ ಹೀಲಿಯಂ ಹಾಯಿಸುತ್ತಲೇ ಇದ್ದರೆ, ಅಸಿಟೋನೈಟ್ರೈಲ್ ಮೊದಲು ಹಾರಿಹೋಗುತ್ತದೆ. ನೀರಿನ ಪಾಲು ಹೆಚ್ಚಿದಷ್ಟೂ ಈ ಕಾಲಮಿನಲ್ಲಿ ಸಕ್ಕರೆ ಬೇಗ ಹೊರಬರುತ್ತದೆ. ಹೊಸ ಮಿಶ್ರಣದಿಂದಲೂ ಸರಿಹೋಗದಿದ್ದರೆ ತೊಂದರೆ ಕಾಲಮಿನದು. ಅಮಿನೋ ಗುಂಪುಗಳು ನೀರಿನ ಸಂಪರ್ಕದಲ್ಲಿ ನಿಧಾನವಾಗಿ ಕಳಚಿಹೋಗುತ್ತವೆ. ಸಸ್ಯದ ಸಾವಯವ ಆಮ್ಲಗಳು ಅವುಗಳ ಮೇಲೆ ಬಿಗಿಯಾಗಿ ಕೂತು ಸಕ್ಕರೆಗೆ ಜಾಗ ಇಲ್ಲದಂತೆ ಮಾಡುತ್ತವೆ. ಸಾರವನ್ನು ನೇರವಾಗಿ ಚುಚ್ಚುವ ಬದಲು ಸಿ-18 ಕಾರ್ಟ್ರಿಜ್ ಮತ್ತು ಅಯಾನು ವಿನಿಮಯ ರಾಳದ ಮೂಲಕ ಹಾಯಿಸಿ, 0.45 ಮೈಕ್ರಾನ್ ನೈಲಾನ್ ಫಿಲ್ಟರಿನಲ್ಲಿ ಶೋಧಿಸಿ. ಗಾರ್ಡ್ ಕಾಲಂ ಹಾಕಿಲ್ಲದಿದ್ದರೆ ಇಂದೇ ಹಾಕಿ.

ಗ್ಲೂಕೋಸ್ ಕುಗ್ಗಲು ಕಾರಣ ರಾಸಾಯನಿಕ. ಅಪಕರ್ಷಕ ಸಕ್ಕರೆಯ ಆಲ್ಡಿಹೈಡ್ ತುದಿ ಕಾಲಮಿನ ಅಮಿನೋ ಗುಂಪಿಗೆ ಕಚ್ಚಿಕೊಂಡು ಷಿಫ್ ಬೇಸ್ ಆಗುತ್ತದೆ. ಸುಕ್ರೋಸಿಗೆ ಆ ತುದಿ ಇಲ್ಲ, ಅದಕ್ಕೇ ಅದು ಕುಗ್ಗುವುದಿಲ್ಲ. ತೆಳು ಮಾದರಿಗಳಲ್ಲಿ ಈ ನಷ್ಟ ಎದ್ದು ಕಾಣುತ್ತದೆ. ಸುಕ್ರೋಸ್ ಸರಿಯಿದೆ ಎಂದು ಗ್ಲೂಕೋಸನ್ನೂ ನಂಬಬೇಡಿ. ಮಾದರಿಗಳ ಪ್ರತಿ ಸಾಲಿನ ಮೊದಲು, ನಡುವೆ, ಕೊನೆಯಲ್ಲಿ ಮೂರೂ ಸಕ್ಕರೆಗಳ ಸ್ಟ್ಯಾಂಡರ್ಡ್ ಓಡಿಸಿ. ಪೈರಿನಲ್ಲಿ ಲ್ಯಾಕ್ಟೋಸ್ ಇರುವುದಿಲ್ಲವಾದ್ದರಿಂದ ಅದನ್ನು ಆಂತರಿಕ ಸ್ಟ್ಯಾಂಡರ್ಡ್ ಆಗಿ ಸೇರಿಸಬಹುದು. ಮಾದರಿಯನ್ನು ಬರೀ ನೀರಿನಲ್ಲಿ ಕರಗಿಸಿ ಚುಚ್ಚಿದರೆ ಪೀಕ್ ಅಗಲವಾಗುತ್ತದೆ, ಕೆಲವೊಮ್ಮೆ ಸೀಳುತ್ತದೆ. ಮೊಬೈಲ್ ಫೇಸಿನಲ್ಲೇ ಕರಗಿಸಿ. ಆದರೆ ಗಟ್ಟಿ ಮಾದರಿಗೆ ಅಸಿಟೋನೈಟ್ರೈಲ್ ಬೆರೆಸಿದಾಗ ಸಕ್ಕರೆ ಮಂಜಿನಂತೆ ಹೊರಬೀಳಬಹುದು, ಶೋಧಿಸುವ ಮುಂಚೆ ಬೆಳಕಿಗೆ ಹಿಡಿದು ನೋಡಿ.

ಅಲೆಯುವ ಬೇಸ್‌ಲೈನ್ ಡಿಟೆಕ್ಟರಿನ ಸ್ವಭಾವ. ಆರ್‌ಐ ಅಳೆಯುವ ವಕ್ರೀಭವನ ಸೂಚ್ಯಂಕ (ದ್ರಾವಣ ಬೆಳಕನ್ನು ಬಾಗಿಸುವ ಪ್ರಮಾಣ) ಉಷ್ಣತೆಯ ಚೂರು ಬದಲಾವಣೆಗೂ ಅಲುಗುತ್ತದೆ. ಎಸಿಯ ಗಾಳಿ ನೇರವಾಗಿ ಬೀಳದಂತೆ ಇಡಿ. ಕಾಲಂ ಓವನ್ನನ್ನೂ ಡಿಟೆಕ್ಟರನ್ನೂ 35 ಡಿಗ್ರಿಯಲ್ಲಿ ನಿಲ್ಲಿಸಿ, ರೆಫರೆನ್ಸ್ ಸೆಲ್ಲಿಗೆ ಹೊಸ ಮೊಬೈಲ್ ಫೇಸ್ ತುಂಬಿ, ಎರಡು ಗಂಟೆಯಾದರೂ ಓಡಲು ಬಿಡಿ. ಕರೆಂಟು ಹೋಗಿ ಬಂದರೆ ಈ ಎರಡು ಗಂಟೆ ಮತ್ತೆ ಮೊದಲಿನಿಂದ, ಯುಪಿಎಸ್‌ಗೆ ಪಂಪು ಡಿಟೆಕ್ಟರು ಎರಡನ್ನೂ ಜೋಡಿಸಿ. ಆರ್‌ಐನಲ್ಲಿ ಗ್ರೇಡಿಯೆಂಟ್, ಅಂದರೆ ಓಟದ ನಡುವೆ ದ್ರಾವಕದ ಮಿಶ್ರಣ ಬದಲಿಸುವುದು, ಸಾಧ್ಯವಿಲ್ಲ. ಅದು ಬೇಕಿದ್ದರೆ ದ್ರಾವಕವನ್ನು ಆವಿ ಮಾಡಿ, ಉಳಿದ ಕಣಗಳು ಚದುರಿಸುವ ಬೆಳಕನ್ನು ಅಳೆಯುವ ಇಎಲ್‌ಎಸ್‌ಡಿ ಡಿಟೆಕ್ಟರ್ ಇದೆ, ಆದರೆ ಅದರ ರೇಖೆ ನೇರವಲ್ಲ, ಲಾಗ್–ಲಾಗ್ ಹಾಕಬೇಕು.

ಹೊಸ ಕಾಲಂ ಕೊಳ್ಳುವ ಯೋಚನೆಯಿದ್ದರೆ ಕ್ಯಾಲ್ಸಿಯಂ ರೂಪದ ರಾಳದ ಕಾಲಂ ಕೂಡ ನೋಡಿ. ಬರೀ ನೀರು, 80–85 ಡಿಗ್ರಿ, ನಿಮಿಷಕ್ಕೆ 0.5–0.6 ಮಿ.ಲೀ. ಅಸಿಟೋನೈಟ್ರೈಲ್ ಖರ್ಚೂ ಇಲ್ಲ, ವಾಸನೆಯೂ ಇಲ್ಲ. ಇಲ್ಲಿ ಹೊರಬರುವ ಕ್ರಮ ಅಮಿನೋ ಕಾಲಮಿಗೆ ತಿರುಗುಮುರುಗು: ಸುಕ್ರೋಸ್ ಮೊದಲು, ಆಮೇಲೆ ಗ್ಲೂಕೋಸ್, ಕೊನೆಗೆ ಫ್ರಕ್ಟೋಸ್. ದೌರ್ಬಲ್ಯವೆಂದರೆ ಸುಕ್ರೋಸ್, ಮಾಲ್ಟೋಸ್ ಒಟ್ಟಿಗೇ ಬರುತ್ತವೆ. ಮಾಲ್ಟೋಸ್ ಇರುವ ಮೊಳಕೆ ಧಾನ್ಯಕ್ಕೆ ಆಗುವುದಿಲ್ಲ. ಮಾದರಿಯ ಉಪ್ಪು, ಆಮ್ಲಗಳು ಕ್ಯಾಲ್ಸಿಯಮನ್ನು ಕಿತ್ತುಹಾಕುತ್ತವೆ ಎಂಬ ಕಾರಣಕ್ಕೆ ಇಲ್ಲೂ ಶುದ್ಧೀಕರಣ ತಪ್ಪುವುದಿಲ್ಲ. ಹೈಡ್ರೋಜನ್ ರೂಪದ ಕಾಲಂ ಮಾತ್ರ ಸುಕ್ರೋಸಿಗೆ ಬೇಡ. ಅದರ ಆಮ್ಲ ಮತ್ತು ಬಿಸಿ ಸೇರಿ ಕಾಲಮಿನೊಳಗೇ ಸುಕ್ರೋಸ್ ಒಡೆಯುತ್ತದೆ.

ಪ್ರಶ್ನೆ: ನಮ್ಮ ಕಾಲೇಜಿನಲ್ಲಿ ಎಚ್‌ಪಿಎಲ್‌ಸಿ ಇಲ್ಲ. ಸಕ್ಕರೆ ಬೇರ್ಪಡುವುದನ್ನು ಮಕ್ಕಳಿಗೆ ತೋರಿಸುವುದು ಹೇಗೆ? ಮೂರನ್ನೂ ಬೇರೆಯಾಗಿ ಅಳೆಯಲೂ ದಾರಿ ಇದೆಯೇ?
— ಜೀವರಸಾಯನಶಾಸ್ತ್ರ ಉಪನ್ಯಾಸಕಿ, ಮಲ್ಲೇಶ್ವರ

ಉತ್ತರ: ತೋರಿಸಲು ಟಿಎಲ್‌ಸಿ, ಅಂದರೆ ತೆಳು ಪದರದ ಪ್ಲೇಟಿನ ಮೇಲೆ ದ್ರಾವಕ ಏರಿಸಿ ಬೇರ್ಪಡಿಸುವ ವಿಧಾನ. ಸಿಲಿಕಾ ಜೆಲ್ ಪ್ಲೇಟಿನ ಬುಡದಿಂದ ಒಂದೂವರೆ ಸೆಂ.ಮೀ. ಮೇಲೆ ಪೆನ್ಸಿಲಿನಲ್ಲಿ ಗೆರೆ ಎಳೆಯಿರಿ. ಪೆನ್ನಿನ ಗೆರೆ ದ್ರಾವಕದ ಜೊತೆ ಓಡುತ್ತದೆ. ಶೇ. 1ರ ಗ್ಲೂಕೋಸ್, ಫ್ರಕ್ಟೋಸ್, ಸುಕ್ರೋಸ್ ದ್ರಾವಣಗಳನ್ನು ಒಂದೊಂದು ಮೈಕ್ರೋಲೀಟರ್ ಇಡಿ. ಪಕ್ಕದಲ್ಲಿ ಇಪ್ಪತ್ತು ಪಟ್ಟು ತೆಳುವಾಗಿಸಿದ ಕಬ್ಬಿನ ಹಾಲು, ದ್ರಾಕ್ಷಿ ರಸ ಮತ್ತು ಅಷ್ಟು ತೆಳುವಾಗಿಸದ ಕ್ಯಾರೆಟ್ ರಸ ಇಡಿ. ಬ್ಯೂಟನಾಲ್, ಅಸಿಟಿಕ್ ಆಮ್ಲ, ನೀರು 3:1:1ರಲ್ಲಿ ಓಡಿಸಿ. ತೊಟ್ಟಿಯೊಳಗೆ ಫಿಲ್ಟರ್ ಪೇಪರ್ ನೆನೆಸಿಟ್ಟು ಆವಿ ತುಂಬಿಸಿರಬೇಕು. ಬ್ಯೂಟನಾಲ್ ಆಮೆ ನಡಿಗೆಯದು, ಪ್ರಾಕ್ಟಿಕಲ್ ಅವಧಿಯ ಆರಂಭದಲ್ಲೇ ಇಳಿಸಿ. ಗ್ಲೂಕೋಸ್, ಫ್ರಕ್ಟೋಸ್ ಹತ್ತಿರ ಹತ್ತಿರವೇ ನಿಲ್ಲುವುದರಿಂದ ಪ್ಲೇಟನ್ನು ಒಣಗಿಸಿ ಎರಡನೇ ಸಲ ಓಡಿಸುವುದು ಒಳ್ಳೆಯದು.

ಬಣ್ಣಕ್ಕೆ: ಡೈಫಿನೈಲಮೀನ್ 2 ಗ್ರಾಂ, ಅನಿಲಿನ್ 2 ಮಿ.ಲೀ., ಅಸಿಟೋನ್ 100 ಮಿ.ಲೀ., ಶೇ. 85ರ ಫಾಸ್ಫಾರಿಕ್ ಆಮ್ಲ 15 ಮಿ.ಲೀ. ಸಿಂಪಡಿಸಿ 100–110 ಡಿಗ್ರಿಯಲ್ಲಿ ಹತ್ತು ನಿಮಿಷ. ಅನಿಲಿನ್ ವಿಷ, ಫ್ಯೂಮ್ ಹುಡ್ ಇಲ್ಲದಿದ್ದರೆ ಇದನ್ನು ಬಿಟ್ಟು ಮೆಥನಾಲಿನಲ್ಲಿ ಶೇ. 10ರ ಸಲ್ಫ್ಯೂರಿಕ್ ಆಮ್ಲದಲ್ಲಿ ಅದ್ದಿ ಬಿಸಿ ಮಾಡಿ. ಎಲ್ಲ ಕಲೆಗಳೂ ಕಂದು ಕಪ್ಪಾಗುತ್ತವೆ, ಸ್ಥಾನ ನೋಡಲು ಅಷ್ಟು ಸಾಕು. ಕಬ್ಬಿನಲ್ಲಿ ಸುಕ್ರೋಸೇ ಎದ್ದು ಕಾಣುತ್ತದೆ, ದ್ರಾಕ್ಷಿಯಲ್ಲಿ ಗ್ಲೂಕೋಸ್, ಫ್ರಕ್ಟೋಸ್ ಎರಡೇ, ಕ್ಯಾರೆಟ್‌ನಲ್ಲಿ ಮೂರೂ.

ಅಳೆಯಲು, ಸ್ಪೆಕ್ಟ್ರೋಫೋಟೋಮೀಟರ್ 340 ನ್ಯಾನೋಮೀಟರ್ ಓದುವುದಾದರೆ ಕಿಣ್ವ ವಿಧಾನವಿದೆ. ಹೆಕ್ಸೋಕೈನೇಸ್ ಮತ್ತು ಗ್ಲೂಕೋಸ್-6-ಫಾಸ್ಫೇಟ್ ಡಿಹೈಡ್ರೋಜನೇಸ್ ಎಂಬ ಕಿಣ್ವಗಳನ್ನು ಹಾಕಿದಾಗ 340ರ ಓದಿನಲ್ಲಿ ಬರುವ ಏರಿಕೆ ಗ್ಲೂಕೋಸಿನದು. ಅದು ನಿಂತ ಮೇಲೆ ಅದೇ ಕ್ಯುವೆಟ್‌ಗೆ ಫಾಸ್ಫೋಗ್ಲೂಕೋಸ್ ಐಸೋಮರೇಸ್ ಹಾಕಿ, ಎರಡನೇ ಏರಿಕೆ ಫ್ರಕ್ಟೋಸಿನದು. ಸುಕ್ರೋಸಿಗೆ ಬೇರೆ ನಳಿಕೆಯಲ್ಲಿ ಇನ್ವರ್ಟೇಸ್‌ನಿಂದ ಒಡೆದು, ಹೆಚ್ಚಾದ ಗ್ಲೂಕೋಸನ್ನು 1.9ರಿಂದ ಗುಣಿಸಿ. ಒಂದು ಮಿ.ಲೀ. ಕ್ಯುವೆಟ್‌ನಲ್ಲಿ 0.1ರ ಏರಿಕೆ ಅಂದರೆ ಸುಮಾರು 2.9 ಮೈಕ್ರೋಗ್ರಾಂ ಗ್ಲೂಕೋಸ್. ಕಿಣ್ವ ದುಬಾರಿ ನಿಜ, ಆದರೆ ಫೀನಾಲಿಗೂ ಟಿಶ್ಯೂ ಪೇಪರಿಗೂ ಇದು ಮೋಸಹೋಗುವುದಿಲ್ಲ.

ಪ್ರಶ್ನೆ: ಸಕ್ಕರೆ ತೆಗೆದ ಮೇಲೆ ಉಳಿದ ಚರಟವನ್ನು ಎಸೆಯಬಹುದೇ?
— ಹೆಸರಘಟ್ಟ

ಉತ್ತರ: ಎಸೆಯಬೇಡಿ, ಪಿಷ್ಟ ಅದರಲ್ಲೇ ಇದೆ. ನೀರು ಹಾಕಿ ಕುದಿಸಿ ಬಿಸಿ ತಡೆಯುವ ಅಮೈಲೇಸ್, ಆಮೇಲೆ ಪಿಎಚ್ 4.5–4.8, 50–55 ಡಿಗ್ರಿಯಲ್ಲಿ ಅಮೈಲೋಗ್ಲೂಕೋಸಿಡೇಸ್ ಹಾಕಿ. ಬಂದ ಗ್ಲೂಕೋಸನ್ನು 0.9ರಿಂದ ಗುಣಿಸಿದರೆ ಪಿಷ್ಟ. ಕಿಣ್ವದ ಬಾಟಲಿಯಲ್ಲೇ ಗ್ಲೂಕೋಸ್ ಬೆರೆತಿರುವುದುಂಟು, ಬರೀ ಕಿಣ್ವದ ಬ್ಲಾಂಕ್ ಇಡಿ. ಹಳೆಯ ಪರ್ಕ್ಲೋರಿಕ್ ಆಮ್ಲದ ವಿಧಾನ ಪಿಷ್ಟವಲ್ಲದ್ದನ್ನೂ ಕರಗಿಸುತ್ತದೆ. ಅದೂ ಅಲ್ಲದೆ ಆ ಆಮ್ಲ ಸಸ್ಯದ ಪುಡಿಯೊಂದಿಗೆ ಒಣಗಿದರೆ ಸ್ಫೋಟಿಸಬಹುದು.

ಪ್ರಶ್ನೆ: ಅವರೆಕಾಳು ಹೊಟ್ಟೆಯುಬ್ಬರ ತರುವುದು ಅದರ ಸಕ್ಕರೆಯಿಂದ ಎನ್ನುತ್ತಾರೆ. ಡಿಎನ್‌ಎಸ್‌ನಲ್ಲಿ ಏನೂ ಸಿಗುತ್ತಿಲ್ಲ.
— ಆಹಾರ ವಿಜ್ಞಾನ ವಿದ್ಯಾರ್ಥಿ, ಬಸವನಗುಡಿ

ಉತ್ತರ: ಸಿಗುವುದಿಲ್ಲ. ರಾಫಿನೋಸ್, ಸ್ಟಾಕಿಯೋಸ್, ವರ್ಬಾಸ್ಕೋಸ್ ಎಂದರೆ ಸುಕ್ರೋಸಿಗೆ ಕ್ರಮವಾಗಿ ಒಂದು, ಎರಡು, ಮೂರು ಗ್ಯಾಲಕ್ಟೋಸ್ ಅಂಟಿದ ಅಣುಗಳು. ಯಾವುದೂ ಅಪಕರ್ಷಕವಲ್ಲ. ನಮ್ಮ ಕರುಳಿನಲ್ಲಿ ಇವನ್ನು ಕತ್ತರಿಸುವ ಕಿಣ್ವವಿಲ್ಲ, ದೊಡ್ಡ ಕರುಳಿನ ಬ್ಯಾಕ್ಟೀರಿಯಾ ಕೈಗೆ ಸಿಕ್ಕಿ ಗ್ಯಾಸ್ ಆಗುತ್ತದೆ. ಅಮಿನೋ ಕಾಲಮಿನಲ್ಲಿ ಅಸಿಟೋನೈಟ್ರೈಲನ್ನು ಶೇ. 65–70ಕ್ಕೆ ಇಳಿಸಿ ನೋಡಿ, ಇಲ್ಲದಿದ್ದರೆ ಸ್ಟಾಕಿಯೋಸ್ ತುಂಬ ತಡವಾಗಿ, ಚಪ್ಪಟೆಯಾಗಿ ಬರುತ್ತದೆ. ದೊಡ್ಡ ಅಣುಗಳು ಗಾಢ ಎಥನಾಲಿನಲ್ಲಿ ಅಷ್ಟಾಗಿ ಕರಗುವುದಿಲ್ಲವಾದ್ದರಿಂದ ಸಾರ ತೆಗೆಯಲು ಶೇ. 70ರ ಎಥನಾಲ್ ಸಾಕು, ಆದರೆ ಬಿಸಿಯಾಗಿರಲಿ. ಏಕೆಂದರೆ ಈ ಸಕ್ಕರೆಗಳನ್ನು ಒಡೆಯುವ ಆಲ್ಫಾ-ಗ್ಯಾಲಕ್ಟೋಸಿಡೇಸ್ ಎಂಬ ಕಿಣ್ವ ಕಾಳಿನಲ್ಲೇ ಇದೆ, ಬಿಸಿ ಅದನ್ನು ಸಾಯಿಸುತ್ತದೆ. ಶೇಂಗಾ, ಸೋಯಾ ಆದರೆ ಮೊದಲು ಹೆಕ್ಸೇನಿನಿಂದ ಎಣ್ಣೆ ತೆಗೆಯಬೇಕು, ಅವರೆಗೆ ಬೇಕಿಲ್ಲ.

ಚಳಿಗಾಲದ ಸೊಗಡಿನ ಹಸಿ ಅವರೆಯನ್ನೂ ಒಣ ಕಾಳನ್ನೂ ಒಂದೇ ಎಂದು ತೆಗೆದುಕೊಳ್ಳಬೇಡಿ. ಈ ಸಕ್ಕರೆಗಳು ಕಾಳು ಬಲಿತು ಒಣಗುವ ಹಂತದಲ್ಲಿ ಶೇಖರವಾಗುತ್ತವೆ. ನೆನೆಸಿದ ಕಾಳಿನಲ್ಲಿ ಕಡಿಮೆಯಾಯಿತು ಎಂದು ಬರೆಯುವ ಮೊದಲು ನೆನೆಸಿದ ನೀರನ್ನೂ ಅಳೆಯಿರಿ. ಒಂದು ಪಾಲು ಅದಕ್ಕೆ ಇಳಿದಿರುತ್ತದೆ, ಇನ್ನೊಂದು ಪಾಲು ಕಿಣ್ವದಿಂದ ಒಡೆದಿರುತ್ತದೆ. ಎರಡೂ ಕಡೆ ಕೂಡಿಸಿದಾಗಲೇ ಎಷ್ಟು ಒಡೆಯಿತು, ಎಷ್ಟು ಸೋರಿತು ಎಂಬುದು ತಿಳಿಯುವುದು.